ಕೊಹಾ: ಹಳ್ಳಿ ಲೈಬ್ರರಿಯ ಮುಯ್ಯಿ

ನ್ಯೂಜಿಲೆಂಡಿನ ಮೂಲ ನಿವಾಸಿಗಳಾದ ಮಾವೋರಿ ಜನರ ಊರಿಗೆ ನೀವು ಅತಿಥಿಯಾಗಿ ಹೋದಿರಿ ಅಂದುಕೊಳ್ಳಿ. ಊರಿನವರು ಸೇರುವ ಅಂಗಳಕ್ಕೆ ಅವರು ಮರಾಎ ಅನ್ನುತ್ತಾರೆ. ಅಲ್ಲಿಗೆ ಸುಮ್ನೆ ನುಗ್ಗುವ ಹಾಗಿಲ್ಲ. ಮೊದಲು ಊರಿನ ಕಡೆಯ ಹೆಂಗಸೊಬ್ಬರು ದನಿ ಎತ್ತಿ ಕರೆಯಬೇಕು. ಆಮೇಲೆ ಎರಡೂ ಕಡೆಯವರು ಮಾತಾಡುತ್ತಾರೆ, ಮಾತಿನ ಬೆನ್ನಿಗೆ ಹಾಡು. ಬಂದವರ ಕಡೆಯಿಂದ ಕೊನೆಗೆ ಮಾತಾಡಿದವರು ಒಂದು ಲಕೋಟೆಯನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಊರಿನವರಲ್ಲಿ ಒಬ್ಬರು ಮುಂದೆ ಬಂದು ಅದನ್ನು ಎತ್ತಿಕೊಳ್ಳುತ್ತಾರೆ. ಆ ಲಕೋಟೆಯಲ್ಲಿ ಇರುವುದೇ ಕೊಹಾ.

ಈಗ ಲಕೋಟೆಯಲ್ಲಿ ದುಡ್ಡು ಇರುತ್ತದೆ. ಹಿಂದೆ ಜಾಸ್ತಿ ಆಹಾರ ಪದಾರ್ಥ ತರುತ್ತಿದ್ದರು, ಬೆಲೆಬಾಳುವ ವಸ್ತುಗಳನ್ನೂ ತರುತ್ತಿದ್ದರು. ಪದಕೋಶ ತೆಗೆದರೆ ಕೊಹಾ ಎಂದರೆ ಉಡುಗೊರೆ, ದೇಣಿಗೆ ಎಂದು ಬರೆದಿರುತ್ತದೆ. ತಪ್ಪೇನಿಲ್ಲ, ಆದರೆ ಅರ್ಧ ಮಾತ್ರ. ಇವತ್ತು ಕೊಹಾ ಎತ್ತಿಕೊಂಡ ಊರಿನವರು ನಾಳೆ ಆ ಅತಿಥಿಗಳ ಊರಿಗೆ ಹೋದಾಗ ತಾವೂ ಒಂದು ಕೊಹಾ ಇಡಬೇಕು. ಹಾಗೆ ಇಡಬೇಕು ಅನ್ನುವ ಋಣವೂ ಆ ಪದದ ಒಳಗೇ ಇದೆ.

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ದಾನ ಅನ್ನೋಣವೇ ಎಂದರೆ ದಾನ ವಾಪಸ್ ಬರಬಾರದು. ಕಾಣಿಕೆ ದೇವರಿಗೆ, ದೊಡ್ಡವರಿಗೆ. ಉಡುಗೊರೆಯಲ್ಲಿ ಪ್ರೀತಿ ಇದೆ, ಲೆಕ್ಕ ಇಲ್ಲ. ನನಗೆ ಸರಿಯಾಗಿ ಕೂರುತ್ತದೆ ಅನಿಸಿದ ಪದ ಮುಯ್ಯಿ.

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಹಳೆಯ ಮುಯ್ಯಿ ಪುಸ್ತಕ ಇದೆ, ಅತ್ತೆಯ ಮದುವೆಯದು. ಉದ್ದನೆಯ ಲೆಕ್ಕದ ಪುಸ್ತಕ. ಮೊದಲ ಹಾಳೆಯ ಮೇಲೆ ಶ್ರೀ ಎಂದು ಬರೆದು ಅರಿಶಿನ ಕುಂಕುಮ ಹಚ್ಚಿದ್ದಾರೆ, ಆ ಕಲೆ ಈಗಲೂ ಇದೆ. ಕೆಳಗೆ ಸಾಲಾಗಿ ಊರು, ಹೆಸರು, ಮೊತ್ತ. ಒಬ್ಬರದು 5 ರೂಪಾಯಿ, ಒಬ್ಬರದು 11, ಇನ್ನೊಬ್ಬರ ಹೆಸರಿನ ಮುಂದೆ ‘ತಪ್ಪಲೆ 1’. ಆ ಮನೆಗಳಿಂದ ಲಗ್ನಪತ್ರಿಕೆ ಬಂದಾಗ ಅಜ್ಜ ಈ ಪುಸ್ತಕ ತೆಗೆದು, ಬೆರಳಿಟ್ಟು ಹೆಸರು ಹುಡುಕಿ, ಅವರು ಓದಿಸಿದ್ದಕ್ಕೆ ಒಂದಿಷ್ಟು ಸೇರಿಸಿ ತಾವು ಓದಿಸಿ ಬರುತ್ತಿದ್ದರು. ಬಂದ ಮೇಲೆ ಆ ಹೆಸರಿನ ಪಕ್ಕ ಸಣ್ಣದೊಂದು ಗೀಟು. ಇನ್ನೂ ಗೀಟು ಬೀಳದ ಹೆಸರುಗಳು ಹತ್ತಾರು ಇವೆ.

ಹೊಲದ ಕೆಲಸದಲ್ಲೂ ಇದೇ ಲೆಕ್ಕ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಮ್ಮ ನಾಟಿಗೆ ನಿಮ್ಮ ಮನೆಯಿಂದ ಇಬ್ಬರು. ಅದೇ ಮುಯ್ಯಾಳು. ಕೈಗೆ ದುಡ್ಡು ಬಾರದಿದ್ದರೂ ನಾಟಿ ಮುಗಿಯುತ್ತದೆ. ಈ ಪದಕ್ಕೆ ಇನ್ನೊಂದು ಮುಖವೂ ಇದೆ. ‘ಮುಯ್ಯಿಗೆ ಮುಯ್ಯಿ’ ಎಂದರೆ ಸೇಡು. ಕೊಟ್ಟದ್ದು ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ತಿರುಗಿ ಹೋಗಲೇಬೇಕು ಎಂಬುದು ಎರಡಕ್ಕೂ ಬುಡ.

ಇಷ್ಟೆಲ್ಲ ಪೀಠಿಕೆ ಏಕೆಂದರೆ ಕೊಹಾ ಎಂಬುದು ಒಂದು ಸಾಫ್ಟ್‌ವೇರಿನ ಹೆಸರೂ ಹೌದು. ಲೈಬ್ರರಿ ನಡೆಸುವ ಸಾಫ್ಟ್‌ವೇರ್. ನಮ್ಮ ರಾಜ್ಯದ ಎಷ್ಟೋ ಕಾಲೇಜು ಲೈಬ್ರರಿಗಳಲ್ಲಿ ನೀವು ಕಾರ್ಡ್ ಕೊಟ್ಟಾಗ, ಪುಸ್ತಕದ ಬಾರ್‌ಕೋಡ್ ಕೀಂವ್ ಎಂದಾಗ, ಆ ಕಂಪ್ಯೂಟರಿನೊಳಗೆ ಕೆಲಸ ಮಾಡುತ್ತಿರುವುದು ಕೊಹಾ. ಅದು ಹುಟ್ಟಿದ್ದು ಯಾವ ದೊಡ್ಡ ಕಂಪನಿಯಲ್ಲೂ ಅಲ್ಲ. ಹಳ್ಳಿಗಾಡಿನ ಒಂದು ಸಣ್ಣ ಲೈಬ್ರರಿಯಲ್ಲಿ.

ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್ನಿನಿಂದ ಉತ್ತರಕ್ಕೆ 90 ಕಿಲೋಮೀಟರ್ ಚಿಲ್ಲರೆ ಹೋದರೆ ಹೊರೊಫೆನುವಾ ಎಂಬ ಸೀಮೆ ಸಿಗುತ್ತದೆ. ತರಕಾರಿ ಬೆಳೆಯುವ, ಹೈನು ಮಾಡುವ ಜಾಗ. ಲೆವಿನ್ ಅಲ್ಲಿನ ಪೇಟೆ. ಫಾಕ್ಸ್‌ಟನ್, ಶಾನನ್ ಅದರ ಸುತ್ತಲಿನ ಸಣ್ಣ ಊರುಗಳು. ಶಾನನ್ನಿನಲ್ಲಿ ಎರಡು ಸಾವಿರ ಜನವೂ ಇಲ್ಲ. ಮೂರೂ ಕಡೆ ಲೈಬ್ರರಿ ಇತ್ತು, ಮೂರನ್ನೂ ನೋಡಿಕೊಳ್ಳುತ್ತಿದ್ದದ್ದು ಹೊರೊಫೆನುವಾ ಲೈಬ್ರರಿ ಟ್ರಸ್ಟ್.

1999ರಲ್ಲಿ ಇವರಿಗೆ ಒಂದು ಸಂಕಟ ಬಂತು. ಅಲ್ಲಿ ಇದ್ದ ಹಳೆಯ ಸಾಫ್ಟ್‌ವೇರ್ 2000ನೇ ಇಸವಿಯ ತಾರೀಕನ್ನು ಅರ್ಥ ಮಾಡಿಕೊಳ್ಳುವ ಹಾಗಿರಲಿಲ್ಲ. ಆ ಕಾಲದ ವೈ2ಕೆ ಗದ್ದಲ ನೆನಪಿದೆಯಲ್ವಾ, ಅದೇ. ಲೈಬ್ರರಿಗೆ ತಾರೀಕೇ ಜೀವ. ಯಾವ ಪುಸ್ತಕ ಯಾವತ್ತು ವಾಪಸ್ ಬರಬೇಕು ಎಂಬುದು ಗೊತ್ತಾಗದಿದ್ದರೆ ಇನ್ನೇನು ಉಳಿಯಿತು? ಹೊಸದು ಕೊಳ್ಳೋಣ ಎಂದರೆ ಮಾರುಕಟ್ಟೆಯಲ್ಲಿ ಇದ್ದವೆಲ್ಲ ದುಬಾರಿ. ಸಾಲದ್ದಕ್ಕೆ ಶಾಖೆಗಳ ಕಂಪ್ಯೂಟರುಗಳನ್ನು ಜೋಡಿಸಲು ಊರಿಂದ ಊರಿಗೆ ಬಾಡಿಗೆಯ ಪ್ರತ್ಯೇಕ ತಂತಿ ಬೇಕು. ಸಣ್ಣ ಲೈಬ್ರರಿಯ ಕೈಗೆ ಎಟುಕುವ ಲೆಕ್ಕವಲ್ಲ ಅದು.

ಲೈಬ್ರರಿಯ ಮುಖ್ಯಸ್ಥೆ ರೋಸಲಿ ಬ್ಲೇಕ್ ವೆಲ್ಲಿಂಗ್ಟನ್ನಿನ ಕಟಿಪೊ ಎಂಬ ಸಣ್ಣ ಸಂಸ್ಥೆಯನ್ನು ಕೇಳಿದರು. ಅಲ್ಲಿನ ರೇಚಲ್ ಹ್ಯಾಮಿಲ್ಟನ್ ವಿಲಿಯಮ್ಸ್ ಮತ್ತವರ ಜೊತೆಯವರು, ಇರುವುದನ್ನು ಕೊಳ್ಳುವುದಕ್ಕಿಂತ ಹೊಸದಾಗಿ ಬರೆಯೋಣ ಎಂದರು. ಲಿನಕ್ಸ್, ಪರ್ಲ್, ಮೈಎಸ್‌ಕ್ಯೂಎಲ್, ಹೀಗೆ ಎಲ್ಲರಿಗೂ ಮುಕ್ತವಾಗಿ ಸಿಗುವ ಸಾಮಾನುಗಳಿಂದಲೇ ಕಟ್ಟಿದರು. ಮಾಮೂಲಿ ಟೆಲಿಫೋನ್ ತಂತಿ ಮತ್ತು ಮೋಡೆಮ್ ಇದ್ದರೆ ಸಾಕು, ಶಾಖೆಗಳು ಲೆವಿನ್ನಿನ ಕಂಪ್ಯೂಟರ್ ಜೊತೆ ಮಾತಾಡುವಂತೆ ಮಾಡಿದರು. 2000ದ ಜನವರಿ 3ರಂದು ಕೆಲಸ ಶುರುವಾಯಿತು.

ಇಲ್ಲಿಯವರೆಗೆ ಆದದ್ದು ಒಂದು ಲೈಬ್ರರಿಯ ಜಾಣತನ. ಆಮೇಲೆ ಅವರು ಮಾಡಿದ್ದು ನನಗೆ ತುಂಬಾ ದೊಡ್ಡದು ಅನಿಸುತ್ತದೆ. ತಾವು ದುಡ್ಡು ಕೊಟ್ಟು ಬರೆಸಿದ್ದನ್ನು ಇಡೀ ಲೋಕದ ಮುಂದೆ ನೆಲಕ್ಕಿಟ್ಟರು. ಅಕ್ಷರಶಃ ಕೊಹಾ ಇಟ್ಟ ಹಾಗೆ. ಹೆಸರನ್ನೂ ಅದನ್ನೇ ಇಟ್ಟರು.

ನೆಲಕ್ಕಿಡುವುದು ಎಂದರೆ ಏನು? ಸಾಫ್ಟ್‌ವೇರನ್ನು ಮನುಷ್ಯರು ಓದಬಹುದಾದ ಸಾಲುಗಳಲ್ಲಿ ಬರೆಯುತ್ತಾರೆ. ಅದು ಸೋರ್ಸ್ ಕೋಡ್. ಸಾಮಾನ್ಯವಾಗಿ ಕಂಪನಿಗಳು ಆ ಸಾಲುಗಳನ್ನು ತಾವೇ ಇಟ್ಟುಕೊಂಡು, ಓಡುವ ಪ್ರೋಗ್ರಾಮನ್ನು ಮಾತ್ರ ಮಾರುತ್ತವೆ. ಏನಾದರೂ ಕೆಟ್ಟರೆ ಅವರೇ ಬರಬೇಕು. ಅವರು ಬಾಗಿಲು ಹಾಕಿಕೊಂಡರೆ ನಿಮ್ಮ ಗತಿ ಅಷ್ಟೇ. ಓಪನ್ ಸೋರ್ಸ್ ಅಂದರೆ ಆ ಸಾಲುಗಳನ್ನೇ ತೆರೆದಿಡುವುದು. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು, ಬೇರೆಯವರಿಗೆ ಹಂಚಬಹುದು. ಹೊರೊಫೆನುವಾದವರು ಆರಿಸಿಕೊಂಡದ್ದು ಜಿಪಿಎಲ್ ಎಂಬ ಪರವಾನಗಿ. ಅದರಲ್ಲಿ ಒಂದು ಷರತ್ತು ಇದೆ: ನೀವು ತಿದ್ದಿ ಇನ್ನೊಬ್ಬರಿಗೆ ಹಂಚುವುದಾದರೆ ನಿಮ್ಮ ತಿದ್ದುಪಡಿಯ ಸಾಲುಗಳನ್ನೂ ಇದೇ ಷರತ್ತಿನ ಮೇಲೆ ಕೊಡಬೇಕು. ನಿಮ್ಮಲ್ಲೇ ಇಟ್ಟುಕೊಂಡು ಬಳಸಿದರೆ ಯಾರೂ ಕೇಳುವುದಿಲ್ಲ. ಮುಂದಕ್ಕೆ ಕೊಟ್ಟರೆ ಮಾತ್ರ, ನೀವು ಹೇಗೆ ಪಡೆದಿರೋ ಹಾಗೇ ಕೊಡಬೇಕು.

ಹಾಗೆ ತಿರುಗಿ ಬಂದ ಒಂದು ಮುಯ್ಯಿ ಅಮೆರಿಕದ್ದು. ಒಹಾಯೊ ರಾಜ್ಯದಲ್ಲಿ ನೆಲ್ಸನ್‌ವಿಲ್ ಎಂಬ ಸಣ್ಣ ಊರಿದೆ. ಅಲ್ಲಿನ ಸಾರ್ವಜನಿಕ ಲೈಬ್ರರಿಗೆ ಕೊಹಾ ಹಿಡಿಸಿತು. ಆದರೆ ಒಂದು ಕೊರತೆ ಇತ್ತು. ಲೋಕದ ಎಷ್ಟೋ ಲೈಬ್ರರಿಗಳು ಪುಸ್ತಕದ ವಿವರ ಬರೆದಿಡಲು ಮಾರ್ಕ್ ಎಂಬ ಮಾದರಿ ಬಳಸುತ್ತವೆ, ಕೊಹಾಗೆ ಅದು ಬರುತ್ತಿರಲಿಲ್ಲ. ನೆಲ್ಸನ್‌ವಿಲ್ ಲೈಬ್ರರಿ ಅದಕ್ಕಾಗಿ ದುಡ್ಡು ಹಾಕಿತು. ಫ್ರಾನ್ಸಿನ ಪಾಲ್ ಪುಲೆಂ ಆ ಕೆಲಸದಲ್ಲಿ ಮುಂದಾಳಾದರು. ಆ ಸೌಲಭ್ಯ ಒಹಾಯೊಗಷ್ಟೇ ಅಲ್ಲ, ಲೆವಿನ್ನಿಗೂ ಶಾನನ್ನಿಗೂ ಸಿಕ್ಕಿತು. ಇವತ್ತು ನಮ್ಮ ಕಾಲೇಜುಗಳಿಗೂ ಸಿಗುತ್ತಿದೆ. ಒಂದು ಊರಿನವರು ಕೊಟ್ಟದ್ದಕ್ಕೆ ಭೂಮಿಯ ಇನ್ನೊಂದು ಮಗ್ಗುಲಿನ ಊರಿನವರು ಒಂದಿಷ್ಟು ಸೇರಿಸಿ ಓದಿಸಿದ ಹಾಗಾಯಿತು. ಅಜ್ಜ ಇದ್ದಿದ್ದರೆ ಈ ಲೆಕ್ಕ ಅವರಿಗೆ ತಕ್ಷಣ ಹತ್ತುತ್ತಿತ್ತು.

ಕೊಹಾಗೂ ಒಂದು ಮುಯ್ಯಿ ಪುಸ್ತಕ ಇದೆ. ಯಾರಾದರೂ ಒಂದು ತಿದ್ದುಪಡಿ ಬರೆದರೆ ಅದು ಹಾಗೇ ಒಳಗೆ ಸೇರುವುದಿಲ್ಲ. ಮೊದಲು ಬೇರೊಬ್ಬರು ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ, ಸರಿಯಿದೆ ಎಂದು ತಮ್ಮ ಹೆಸರು ಹಾಕಬೇಕು. ಆಮೇಲೆ ಗುಣಮಟ್ಟ ನೋಡುವವರು ಮತ್ತೊಮ್ಮೆ ನೋಡುತ್ತಾರೆ. ಕೊನೆಗೆ ಆ ಸಲದ ಆವೃತ್ತಿಯ ಹೊಣೆ ಹೊತ್ತವರು ಸೇರಿಸುತ್ತಾರೆ. ಮೊದಲು ನೋಡುವವರು ಪ್ರೋಗ್ರಾಮರೇ ಆಗಬೇಕಿಲ್ಲ, ಕೌಂಟರಿನಲ್ಲಿ ಕೂರುವ ಲೈಬ್ರೇರಿಯನ್ ಆದರೂ ನಡೆಯುತ್ತದೆ. ಹೀಗೆ ಕೂಡಿಬಂದ ಕೆಲಸವೆಲ್ಲ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್ ತಿಂಗಳಲ್ಲಿ, ಹೊಸ ಆವೃತ್ತಿಯಾಗಿ ಬರುತ್ತದೆ. ಜೊತೆಗೆ ಯಾರು ಬರೆದರು, ಯಾರು ಪರೀಕ್ಷೆ ಮಾಡಿದರು, ಯಾವ ಲೈಬ್ರರಿ ದುಡ್ಡು ಹಾಕಿತು ಎಂಬ ಪಟ್ಟಿ. ನಿಮ್ಮ ಕಾಲೇಜಿನಲ್ಲಿ ಕೊಹಾ ಇದ್ದರೆ ಲೈಬ್ರೇರಿಯನ್ನರನ್ನು ಕೇಳಿ ‘ಅಬೌಟ್’ ಪುಟ ತೆಗೆಸಿ ನೋಡಿ. ಸಾಲು ಸಾಲು ಹೆಸರುಗಳು.

ಒಂದು ಸಲ ಈ ಹೆಸರಿಗೇ ಕುತ್ತು ಬಂದಿತ್ತು. ಅಮೆರಿಕದ ಕಂಪನಿಯೊಂದು ನ್ಯೂಜಿಲೆಂಡಿನಲ್ಲಿ ಕೊಹಾ ಎಂಬ ಹೆಸರನ್ನು ಲೈಬ್ರರಿ ಸಾಫ್ಟ್‌ವೇರಿನ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹಾಕಿತ್ತು. ಮಾವೋರಿ ಪದ, ಅದೂ ಕೊಡುಗೆ ಎಂಬ ಅರ್ಥದ ಪದ, ಅದೇ ದೇಶದಲ್ಲಿ ಒಂದು ಕಂಪನಿಯ ಸ್ವತ್ತಾಗುವುದರಲ್ಲಿತ್ತು. 2011ರಲ್ಲಿ ಹೊರೊಫೆನುವಾ ಟ್ರಸ್ಟ್ ನಮಗೆ ಕೈ ಜೋಡಿಸಿ ಎಂದು ಬಹಿರಂಗವಾಗಿ ಕೇಳಿಕೊಂಡಿತು. ವಕೀಲರ ಖರ್ಚಿಗೆ ಬೇರೆ ಬೇರೆ ದೇಶಗಳಿಂದ ದುಡ್ಡು ಬಂತು. ಹನ್ನೊಂದು ವರ್ಷದ ಹಿಂದೆ ಇಟ್ಟ ಲಕೋಟೆಯನ್ನು ಎತ್ತಿಕೊಂಡವರು ಅದನ್ನು ಮರೆತಿರಲಿಲ್ಲ. ಟ್ರಸ್ಟ್ ಮತ್ತು ಓಪನ್ ಸೋರ್ಸ್ ಕೆಲಸ ಮಾಡುವ ವೆಲ್ಲಿಂಗ್ಟನ್ನಿನ ಕೆಟಲಿಸ್ಟ್ ಸಂಸ್ಥೆಯ ತಕರಾರು ನಿಂತಿತು, ಆ ಅರ್ಜಿ ಬಿದ್ದುಹೋಯಿತು.

ಓಪನ್ ಸೋರ್ಸ್ ಎಂದಾಕ್ಷಣ ನಮ್ಮಲ್ಲಿ ಬಾಯಿಗೆ ಬರುವ ಮೊದಲ ಮಾತು ‘ಬಿಟ್ಟಿ ಸಿಗುತ್ತೆ’. ಈ ಬಿಟ್ಟಿ ಎಂಬ ಪದದ ಹಿಂದಿನ ಅರ್ಥ ಗೊತ್ತಿರಲಿ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ಕೆಲಸ. ‘ಬಿಟ್ಟಿ ಚಾಕರಿ’ ಅನ್ನುವಾಗ ಆ ಅರ್ಥ ಇವತ್ತಿಗೂ ಉಳಿದಿದೆ. ಊರಿನ ಕಚೇರಿಗೋ ಲೈಬ್ರರಿಗೋ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕಿಸಿ, ಅದನ್ನು ನೋಡಿಕೊಳ್ಳಲು ಯಾರನ್ನೂ ನೇಮಿಸದೆ, ಯಾರಿಗೂ ಕಲಿಸದೆ, ಸರ್ವರ್ ಕಂಪ್ಯೂಟರಿಗೆ ದುಡ್ಡಿಡದೆ ಬಿಟ್ಟರೆ ಅದು ಬಿಟ್ಟಿಯೇ ಆಗುತ್ತದೆ. ಯಾರೋ ಒಬ್ಬ ಉತ್ಸಾಹಿ ಹುಡುಗ ರಾತ್ರಿ ಕೂತು ಸರಿ ಮಾಡುತ್ತಾನೆ. ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕ ದಿನ ಪಾಸ್‌ವರ್ಡ್ ಅವನ ಜೊತೆಗೇ ಹೋಗುತ್ತದೆ. ಆಮೇಲೆ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಮತ್ತೆ ರಿಜಿಸ್ಟರ್ ತೆಗೆಯುತ್ತಾರೆ. ಹೀಗಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹೊಟ್ಟೆ ಉರಿದಿದೆ. ಲೆವಿನ್ನಿನವರೂ ಪುಕ್ಕಟೆ ಏನೂ ಪಡೆಯಲಿಲ್ಲ. ದುಡ್ಡು ಕೊಟ್ಟೇ ಬರೆಸಿದರು. ಆ ದುಡ್ಡು ಪರವಾನಗಿಗೆ ಹೋಗುವ ಬದಲು ಕೆಲಸಕ್ಕೆ ಹೋಯಿತು.

ಕೇಂದ್ರ ಸರ್ಕಾರ 2015ರಲ್ಲೇ ತನ್ನ ಕಚೇರಿಗಳ ಇ-ಆಡಳಿತದಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕೆಂದು ನೀತಿ ಹೊರಡಿಸಿದೆ. ಕೊಹಾ ಬಳಗದ ವಿಶ್ವ ಸಮ್ಮೇಳನ 2011ರಲ್ಲಿ ನಮ್ಮ ಪಕ್ಕದ ಮಹಾರಾಷ್ಟ್ರದ ಠಾಣೆಯಲ್ಲಿ ನಡೆದಿದೆ. ಇನ್ನು ನಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 5,600ಕ್ಕೂ ಹೆಚ್ಚಿವೆ. ಈಗ ಅರಿವು ಕೇಂದ್ರ ಎಂದು ಹೆಸರು. ಒಂದೊಂದು ಕೇಂದ್ರದಲ್ಲೂ ಒಂದೊಂದು ಸರ್ವರ್ ಬೇಕಿಲ್ಲ. ಲೆವಿನ್, ಫಾಕ್ಸ್‌ಟನ್, ಶಾನನ್ ಒಂದೇ ಕೊಹಾದಲ್ಲಿ ನಡೆದ ಹಾಗೆ ಒಂದು ತಾಲ್ಲೂಕಿನ ಕೇಂದ್ರಗಳೆಲ್ಲ ಒಂದೇ ಕೊಹಾದಲ್ಲಿ ನಡೆಯಬಹುದು. ಆಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಗೆ ತನಗೆ ಬೇಕಾದ ಪುಸ್ತಕ ಎರಡು ಮೈಲಿ ಆಚೆಯ ಪಂಚಾಯಿತಿಯಲ್ಲಿ ಇದೆ ಎಂಬುದು ತನ್ನ ಮೊಬೈಲಿನಲ್ಲೇ ಗೊತ್ತಾಗುತ್ತದೆ. ತಾಲ್ಲೂಕಿಗೆ ಒಬ್ಬರನ್ನು ಸರಿಯಾದ ಸಂಬಳ ಕೊಟ್ಟು ಇದಕ್ಕೆಂದೇ ಇಟ್ಟರೆ ಸಾಕು ಎಂಬುದು ನನ್ನ ಲೆಕ್ಕ.

ನಾವು ಮುಯ್ಯಿ ಏನು ಹಾಕಬಹುದು? ಕೋಡ್ ಬರೆಯುವವರು ಬರೆಯಲಿ. ಬರೆಯಲು ಬಾರದವರಿಗೂ ಕೆಲಸ ಇದೆ. ಕೊಹಾದ ಪರದೆಯ ಮೇಲಿನ ಮಾತುಗಳನ್ನು ಆಯಾ ಭಾಷೆಯವರೇ ಒಂದೊಂದಾಗಿ ಅನುವಾದ ಮಾಡುತ್ತಾರೆ. ಪುಸ್ತಕ ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಚೆಕ್ ಔಟ್ ಎಂದಿದೆ. ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ‘ಇಶ್ಯೂ ಮಾಡ್ಕೊಡಿ’ ಅನ್ನುತ್ತೇವೆ. ಗಡುವು ಮೀರಿದ ಪುಸ್ತಕಕ್ಕೆ ಓವರ್‌ಡ್ಯೂ. ಇದಕ್ಕೆ ಕನ್ನಡದಲ್ಲಿ ‘ಅವಧಿ ಮೀರಿದ’, ‘ವಾಯಿದೆ ಮೀರಿದ’ ಎಂದೆಲ್ಲ ಯೋಚಿಸಿಕೊಂಡು ನಮ್ಮೂರಿನ ಲೈಬ್ರರಿ ಮೇಲ್ವಿಚಾರಕರ ಹತ್ತಿರ ಹೋದೆ.

“ವಾಪಸ್ ಕೊಡೋ ದಿನ ದಾಟಿದ ಪುಸ್ತಕಕ್ಕೆ ನೀವು ಏನಂತೀರಿ?” ಎಂದು ಕೇಳಿದೆ.

ಅವರು ಮಾತಾಡಲಿಲ್ಲ. ರಿಜಿಸ್ಟರ್ ತೆರೆದು ನನ್ನ ಕಡೆ ತಿರುಗಿಸಿದರು. ಕೊನೆಯ ಕಾಲಮ್ಮಿನಲ್ಲಿ ಕೆಂಪು ಇಂಕಿನಲ್ಲಿ ಅಲ್ಲಲ್ಲಿ ಒಂದೇ ಪದ ಬರೆದಿತ್ತು. ಬಾಕಿ.

“ಇಷ್ಟೇ ಅಣ್ಣ,” ಅಂದರು. “ನಿಮ್ಮದೂ ಒಂದು ಇದೆ ನೋಡಿ.”