ನಿಧಾನಕ್ಕೆ ಹೋಗುವ ಗಾಡಿಯ ಮೋಟರ್ ಸುಡುವುದು ಯಾಕೆ?

ರಿಮೋಟ್ ರಾಕ್ ಕ್ರಾಲರ್, ಅಂದರೆ ಬಂಡೆಗಳ ಮೇಲೆ ನಿಧಾನಕ್ಕೆ ಹತ್ತಿಸುವ ಪುಟ್ಟ ರಿಮೋಟ್ ಗಾಡಿ, ಇಟ್ಟುಕೊಂಡವರ ಬಾಯಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. "ನಾನು ಜೋರಾಗಿ ಓಡಿಸೋದೇ ಇಲ್ಲ, ಮೋಟರ್ ಬಿಸಿಯಾಗೋ ಚಾನ್ಸೇ ಇಲ್ಲ." ಈ ಹವ್ಯಾಸದಲ್ಲಿ ಇಷ್ಟು ತಲೆಕೆಳಗಾದ ನಂಬಿಕೆ ಇನ್ನೊಂದಿಲ್ಲ. ಬಯಲಲ್ಲಿ ಸುಮ್ನೆ ಓಡಾಡಿದ ಮೋಟರ್ ಆರಾಮಾಗಿಯೇ ಇರುತ್ತದೆ. ಬಂಡೆಯ ಸಂದಿಯಲ್ಲಿ ಚಕ್ರ ಸಿಕ್ಕಿಕೊಂಡಾಗ ಥ್ರಾಟಲ್ ಒತ್ತಿ ಹಿಡಿಯಿರಿ, ಅದೇ ಮೋಟರ್ ಕೆಲವೇ ಸೆಕೆಂಡಲ್ಲಿ ಹೊಗೆ ಬಿಡಬಹುದು. ಅದನ್ನು ಕೊಲ್ಲುವುದು ವೇಗ ಅಲ್ಲ, ತಿರುಗದೆ ನಿಲ್ಲುವುದು.

ಇದರ ಗುಟ್ಟು ಬಹಳ ಚೆಂದದ್ದು. ತಿರುಗುವ ಮೋಟರ್ ಅದೇ ಹೊತ್ತಿಗೆ ಜನರೇಟರ್ ಕೂಡ ಆಗಿರುತ್ತದೆ. ಮ್ಯಾಗ್ನೆಟ್ಟಿನ ನಡುವೆ ತಂತಿಯ ಸುರುಳಿ ತಿರುಗಿದರೆ ಅದರಲ್ಲಿ ವೋಲ್ಟೇಜ್ ಹುಟ್ಟಲೇಬೇಕು, ಅಲ್ವಾ? ಆ ವೋಲ್ಟೇಜ್ ಬ್ಯಾಟರಿಗೆ ಎದುರಾಗಿ ನಿಲ್ಲುತ್ತದೆ. ಎಂಜಿನಿಯರುಗಳು ಇದನ್ನು ಬ್ಯಾಕ್ ಇಎಂಎಫ್ ಅನ್ನುತ್ತಾರೆ. ಮೋಟರ್ ಎಷ್ಟು ವೇಗವಾಗಿ ತಿರುಗುತ್ತದೋ ಈ ಎದುರು ವೋಲ್ಟೇಜ್ ಅಷ್ಟು ಜಾಸ್ತಿ, ಒಳಗೆ ನುಗ್ಗುವ ಕರೆಂಟು ಅಷ್ಟು ಕಡಿಮೆ.

ಲೆಕ್ಕ ಹಾಕಿ ನೋಡೋಣ. ಎರಡು ಸೆಲ್ಲಿನ ಲಿಪೋ ಬ್ಯಾಟರಿ, ಅಂದರೆ 7.4 ವೋಲ್ಟ್. ಮೋಟರಿನ ರೆಸಿಸ್ಟೆನ್ಸ್ 0.2 ಓಮ್ ಅಂದುಕೊಳ್ಳಿ. ಭಾರವಿಲ್ಲದೆ ತಿರುಗುವಾಗ ಎದುರು ವೋಲ್ಟೇಜ್ 7 ಇದ್ದರೆ, ಉಳಿದ 0.4 ವೋಲ್ಟ್ ತಳ್ಳುವುದು 2 ಆಂಪಿಯರ್ ಮಾತ್ರ. ತಂತಿಯಲ್ಲಿ ಹುಟ್ಟುವ ಶಾಖ ಒಂದು ವ್ಯಾಟ್ ಕೂಡ ಅಲ್ಲ. ಭಾರ ಬಿದ್ದು ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿದು ಎದುರು ವೋಲ್ಟೇಜ್ 3.7 ಆದರೆ 18.5 ಆಂಪಿಯರ್, 68 ವ್ಯಾಟ್ ಶಾಖ. ಪೂರ್ತಿ ನಿಂತರೆ 37 ಆಂಪಿಯರ್, ಸುಮಾರು 274 ವ್ಯಾಟ್. ಅಷ್ಟೂ ಶಾಖವೇ, ಕೆಲಸ ಸೊನ್ನೆ. ಅದೂ 36 ಮಿಲಿಮೀಟರ್ ಅಗಲದ ಒಂದು ಡಬ್ಬಿಯೊಳಗೆ. ನಿಜವಾದ ಗಾಡಿಯಲ್ಲಿ ಬ್ಯಾಟರಿ, ವೈರು, ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಸ್ಪೀಡ್ ಕಂಟ್ರೋಲರ್ ಕೂಡ ಒಂದಿಷ್ಟು ತಡೆಯುವುದರಿಂದ ಅಂಕಿ ಸ್ವಲ್ಪ ಇಳಿಯುತ್ತದೆ. ಕಥೆ ಬದಲಾಗುವುದಿಲ್ಲ.

ಮಿಕ್ಸಿಯಲ್ಲಿ ನೀರು ಹಾಕದೆ ಗಟ್ಟಿ ಚಟ್ನಿ ತಿರುವಲು ಹೋದವರಿಗೆ ಇದು ಗೊತ್ತಿರುತ್ತದೆ. ಬ್ಲೇಡು ಸಿಕ್ಕಿಕೊಳ್ಳುತ್ತದೆ, ಮೋಟರ್ ಗುಂಯ್ ಅನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ, ತಳದಲ್ಲಿರುವ ಓವರ್‌ಲೋಡ್ ಬಟನ್ ಟಪ್ಪಂತ ಹಾರುತ್ತದೆ. ಬ್ರಷ್ (ತಿರುಗುವ ಕಾಯಿಲ್‌ಗೆ ಉಜ್ಜುತ್ತಾ ಕರೆಂಟು ಮುಟ್ಟಿಸುವ ತುಂಡು) ಇರುವ ಕ್ರಾಲರ್ ಮೋಟರಿಗೆ ಆ ಬಟನ್ನೂ ಇಲ್ಲ. ಸ್ಪೀಡ್ ಕಂಟ್ರೋಲರ್ ಬಿಸಿಯಾದರೆ ನಿಲ್ಲುತ್ತದೆ ಎನ್ನುತ್ತೀರಿ. ಸಾಮಾನ್ಯವಾಗಿ ಅದು ನೋಡುವುದು ತನ್ನ ಬಿಸಿಯನ್ನು, ಮೋಟರಿನದ್ದನ್ನಲ್ಲ.

ನಿಂತ ಮೋಟರಿಗೆ ಇನ್ನೂ ಒಂದು ಶಿಕ್ಷೆ ಇದೆ. ಈ ಮೋಟರುಗಳಲ್ಲಿ ಸಾಮಾನ್ಯವಾಗಿ ಮೂರು ಕಾಯಿಲ್, ಅಂದರೆ ತಂತಿಯ ಸುರುಳಿ, ಇರುತ್ತವೆ, ತ್ರಿಕೋನದ ಹಾಗೆ ಒಂದಕ್ಕೊಂದು ಜೋಡಿಸಿರುತ್ತಾರೆ. ತಿರುಗುವಾಗ ಮೂರೂ ಸರದಿಯ ಮೇಲೆ ಬಿಸಿ ಹಂಚಿಕೊಳ್ಳುತ್ತವೆ. ನಿಂತರೆ ಸರದಿ ಇಲ್ಲ. ಒಂದು ಕಾಯಿಲ್ ನೇರವಾಗಿ ಎರಡು ಬ್ರಷ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಉಳಿದ ಎರಡು ಸಾಲಾಗಿ ನಿಂತು ಅರ್ಧ ಕರೆಂಟು ಮಾತ್ರ ಎಳೆಯುತ್ತವೆ. ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ ಒಟ್ಟು ಶಾಖದ ಮೂರರಲ್ಲಿ ಎರಡು ಪಾಲು ಆ ಒಂದೇ ಕಾಯಿಲ್‌ಗೆ ಹೋಗುತ್ತದೆ. ಅದರ ತಂತಿಯ ಮೇಲಿನ ಎನಾಮಲ್, ಅಂದರೆ ಕರೆಂಟು ತಡೆಯುವ ತೆಳು ಲೇಪ, ಸುಟ್ಟರೆ ಸುತ್ತುಗಳು ಒಂದಕ್ಕೊಂದು ಅಂಟಿ ಶಾರ್ಟ್ ಆಗುತ್ತವೆ. ಮುಗಿಯಿತು.

ಸಾಯದೆ ಉಳಿದ ಮೋಟರೂ ಸುಖವಾಗಿರುವುದಿಲ್ಲ. ತಾಮ್ರ 100 ಡಿಗ್ರಿ ಬಿಸಿಯೇರಿದರೆ ಅದರ ರೆಸಿಸ್ಟೆನ್ಸ್ ಸುಮಾರು 39% ಹೆಚ್ಚುತ್ತದೆ. ಅಗ್ಗದ ಮೋಟರುಗಳಲ್ಲಿರುವ ಫೆರೈಟ್ ಮ್ಯಾಗ್ನೆಟ್ 50 ಡಿಗ್ರಿ ಏರಿದರೆ ಸುಮಾರು 10% ಸೊರಗುತ್ತದೆ. ಮ್ಯಾಗ್ನೆಟ್ ಸೊರಗಿದರೆ ಅದೇ ಬಲಕ್ಕೆ ಜಾಸ್ತಿ ಕರೆಂಟು ಬೇಕು. ಎರಡೂ ಸೇರಿದರೆ, ಅದೇ ಬಂಡೆ ಹತ್ತಲು ಬಿಸಿ ಮೋಟರ್ ತಣ್ಣನೆಯ ಮೋಟರಿಗಿಂತ ಸುಮಾರು 1.7 ಪಟ್ಟು ಶಾಖ ಉಗುಳುತ್ತದೆ. ಬಿಸಿಯೇ ಬಿಸಿಯನ್ನು ಹೆಚ್ಚಿಸುವ ಆಟ ಇದು.

ಕರೆಂಟಿನ ವರ್ಗ ಎಂಬ ಈ ನಿಯಮ ಹೊರಬಂದ ಕಥೆಯನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಜೇಮ್ಸ್ ಜೌಲ್ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಬಿಯರ್ ತಯಾರಿಸುವ ಮನೆತನದ ಹುಡುಗ. ಹುಚ್ಚು ಮಾತ್ರ ಮೋಟರಿನದ್ದು. 1838ರಲ್ಲಿ ಅತ್ತ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊರಿಟ್ಸ್ ಯಾಕೋಬಿ ಮೋಟರ್ ಕೂರಿಸಿದ ದೋಣಿಯನ್ನು ನೆವಾ ನದಿಯಲ್ಲಿ ಓಡಿಸಿದ್ದ. ಉಗಿ ಯಂತ್ರದ ಕಾಲ ಮುಗಿಯಿತು ಎಂದು ಹಲವರು ಕನಸು ಕಂಡರು. ಜೌಲ್ ಮಾತ್ರ ಅಳೆಯಲು ಕೂತ. ತಂತಿಯ ಶಾಖ ಕರೆಂಟಿನ ವರ್ಗಕ್ಕೂ ರೆಸಿಸ್ಟೆನ್ಸಿಗೂ ತಕ್ಕಂತೆ ಏರುತ್ತದೆ ಎಂದು 1841ರಲ್ಲಿ ಪ್ರಕಟಿಸಿದ. ಬ್ಯಾಟರಿಯಲ್ಲಿ ಕರಗಿ ಖರ್ಚಾಗುವ ಸತುವಿಗಿಂತ ಉಗಿ ಯಂತ್ರದ ಕಲ್ಲಿದ್ದಲೇ ಅಗ್ಗ ಎಂಬ ತೀರ್ಮಾನಕ್ಕೂ ಬಂದ. ಆ ಕಾಲದವರಿಗೆ ಒಂದು ತಪ್ಪು ನಂಬಿಕೆಯೂ ಇತ್ತು: ಬ್ಯಾಟರಿ ಮೋಟರಿನ ದಕ್ಷತೆ 50% ದಾಟಲಾರದು. ಮೇಲಿನ ಲೆಕ್ಕದಲ್ಲೇ ಅದರ ಬೇರು ಇದೆ. ಅರ್ಧ ವೇಗದಲ್ಲಿ ಮೋಟರ್ ಅತಿ ಹೆಚ್ಚು ಪವರ್ ಕೊಡುತ್ತದೆ, ಆಗ ಅರ್ಧ ಭಾಗ ಶಾಖವಾಗಿ ಹೋಗುತ್ತದೆ. ಅತಿ ಹೆಚ್ಚು ಪವರ್ ಸಿಗುವ ಜಾಗವೇ ಅತ್ಯುತ್ತಮ ಜಾಗ ಎಂದು ತಿಳಿದರು. ವೇಗವಾಗಿ ತಿರುಗಲು ಬಿಟ್ಟರೆ ದಕ್ಷತೆ 50% ದಾಟಿ ಮೇಲೇರುತ್ತದೆ. ಕ್ರಾಲರ್‌ಗೂ ಮದ್ದು ಅದೇ.

ಅಂದರೆ ಚಕ್ರ ನಿಧಾನ ಇರಲಿ, ಮೋಟರ್ ಜೋರಾಗಿ ತಿರುಗಲಿ. ನಡುವಿನ ಕೆಲಸ ಗೇರಿನದ್ದು. ಅಸಲಿ ಜೀಪಿನವರು ಇದನ್ನು ಯಾವತ್ತೋ ಅರಿತಿದ್ದಾರೆ. ಅಮೆರಿಕದ ಯೂಟಾದಲ್ಲಿ ಮೋಆಬ್‌ನ ಮರಳುಗಲ್ಲು ಹತ್ತುವ ರ‍್ಯಾಂಗ್ಲರ್ ರೂಬಿಕಾನ್ ಜೀಪಿನಲ್ಲಿ 4:1 ಲೋ ರೇಂಜ್, ಅಂದರೆ ವೇಗವನ್ನು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸುವ ಗೇರು, ಇರುವುದು ಇದಕ್ಕೇ. ನಮ್ಮ ಪುಟ್ಟ ಗಾಡಿಯಲ್ಲಿ ಅತಿ ಅಗ್ಗದ ಉಪಾಯ ಪಿನಿಯನ್ ಬದಲಿಸುವುದು. ಮೋಟರಿನ ಶಾಫ್ಟಿನ ಮೇಲಿರುವ ಆ ಚಿಕ್ಕ ಗೇರು 14 ಹಲ್ಲಿನದ್ದಾಗಿದ್ದರೆ 11ರದ್ದು ಹಾಕಿ. ಅದೇ ಬಂಡೆಗೆ ಮೋಟರ್ ಕೊಡಬೇಕಾದ ಟಾರ್ಕ್ (ತಿರುಗಿಸುವ ಬಲ) 21% ಇಳಿಯುತ್ತದೆ, ಕರೆಂಟೂ ಅಷ್ಟೇ ಇಳಿಯುತ್ತದೆ. ಶಾಖ ಮಾತ್ರ 38% ಇಳಿಯುತ್ತದೆ, ವರ್ಗದ ಮಹಿಮೆ. ಬಯಲಲ್ಲಿ ಗಾಡಿಯ ವೇಗ ಕಡಿಮೆಯಾಗುತ್ತದೆ, ನಿಜ. ವೇಗವೇ ಬೇಕಿದ್ದರೆ ಕ್ರಾಲರ್ ಯಾಕೆ ಕೊಂಡಿರಿ?

"ಜಾಸ್ತಿ ಸುತ್ತಿನ ಮೋಟರ್ ಹಾಕಿ, ತಣ್ಣಗಿರುತ್ತೆ" ಎನ್ನುವ ಸಲಹೆ ಅರ್ಧ ಸತ್ಯ. ಸುತ್ತು ಅಂದರೆ ಕಾಯಿಲ್‌ನಲ್ಲಿ ತಂತಿ ಸುತ್ತಿರುವ ಲೆಕ್ಕ. 35 ಸುತ್ತಿನ ಬದಲು 55 ಸುತ್ತಿನದ್ದು ಹಾಕಿದರೆ ಅದೇ ಟಾರ್ಕ್‌ಗೆ ಕಡಿಮೆ ಕರೆಂಟು ಸಾಕು, ಸರಿ. ಆದರೆ ಅದೇ ಡಬ್ಬಿಯಲ್ಲಿ ಜಾಸ್ತಿ ಸುತ್ತು ತುಂಬಬೇಕೆಂದರೆ ತಂತಿ ತೆಳ್ಳಗಾಗಬೇಕು, ಉದ್ದವೂ ಆಗಬೇಕು. ರೆಸಿಸ್ಟೆನ್ಸ್ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಗುಣಿಸಿ ನೋಡಿ, ಅದೇ ಟಾರ್ಕ್‌ಗೆ ಶಾಖ ಹೆಚ್ಚುಕಡಿಮೆ ಅಷ್ಟೇ! ಲಾಭ ಬೇರೆ ಕಡೆ ಇದೆ. ಪೂರ್ತಿ ಥ್ರಾಟಲ್ ಒತ್ತಿ ಸಿಕ್ಕಿಕೊಂಡಾಗ ಅದು ಎಳೆಯಬಲ್ಲ ಗರಿಷ್ಠ ಕರೆಂಟು ಕಡಿಮೆ. ಅಂದರೆ ಅದು ನಿಮ್ಮ ಬೆರಳಿನ ಆತುರದಿಂದ ಕಾಪಾಡುತ್ತದೆ, ಬಂಡೆಯ ಭಾರದಿಂದ ಅಲ್ಲ. ಭಾರಕ್ಕೇ ಮದ್ದು ಬೇಕೆಂದರೆ ಗೇರು ಇಳಿಸಿ, ಇಲ್ಲವೇ ಉದ್ದ ಡಬ್ಬಿಯ 550 ಮೋಟರ್ ಹಾಕಿ.

ಫ್ಯಾನಿನ ಭಕ್ತರಿಗೂ ಒಂದು ಮಾತು. ಬ್ರಷ್ ಮೋಟರಿನಲ್ಲಿ ಬಿಸಿಯಾಗುವ ಕಾಯಿಲ್ ನಡುವಿನ ಶಾಫ್ಟಿನ ಮೇಲೆ ತಿರುಗುತ್ತಿರುತ್ತದೆ. ಅದಕ್ಕೂ ಹೊರಗಿನ ಡಬ್ಬಿಗೂ ನಡುವೆ ಗಾಳಿಯ ಸಂದು, ಆಮೇಲೆ ಮ್ಯಾಗ್ನೆಟ್. ನೀವು ಫ್ಯಾನ್ ಬೀಸುವುದು ಡಬ್ಬಿಗೆ. ಹೊಳೆಯುವ ಅಲ್ಯೂಮಿನಿಯಂ ಹೀಟ್ ಸಿಂಕ್ ಕೂರುವುದೂ ಅಲ್ಲೇ. ದಂಡ ಅಂತಲ್ಲ, ಆದರೆ ಹತ್ತು ಸೆಕೆಂಡು ತಿರುಗದೆ ನಿಲ್ಲುವ ಸ್ಟಾಲ್‌ನಿಂದ ಅವು ಯಾವ ಮೋಟರನ್ನೂ ಉಳಿಸುವುದಿಲ್ಲ. ಸಾಮಾನ್ಯ ಬ್ರಷ್‌ಲೆಸ್ ಮೋಟರಿನಲ್ಲಿ ಕಾಯಿಲ್ ಹೊರಗಿನ ಡಬ್ಬಿಗೇ ಅಂಟಿಕೊಂಡಿರುತ್ತದೆ, ತಿರುಗುವುದು ಮ್ಯಾಗ್ನೆಟ್. ಅಲ್ಲಿ ಹೀಟ್ ಸಿಂಕ್ ನಿಜವಾಗಿ ದುಡಿಯುತ್ತದೆ. ಅಂಥದ್ದರಲ್ಲಿ ನಿಯೋಡೈಮಿಯಂ ಮ್ಯಾಗ್ನೆಟ್ ಇದ್ದರೆ ಮಾತ್ರ ಎಚ್ಚರ. ಅದರ ಸಾಮಾನ್ಯ ದರ್ಜೆಗಳು 80 ಡಿಗ್ರಿ ದಾಟಿದರೆ ಶಾಶ್ವತವಾಗಿ ಶಕ್ತಿ ಕಳೆದುಕೊಳ್ಳಬಹುದು.

ಬಿಸಿ ಡಬ್ಬಿಯ ಮೇಲೆ ನೀರು ಸುರಿಯುವವರೂ ಇದ್ದಾರೆ. ದಯವಿಟ್ಟು ಬೇಡ. ಹೊರಗೆ ತಣ್ಣಗಾಗುತ್ತದೆ, ಒಳಗೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಮೋಟರಿನ ಮೇಲೆ ತಪ್ಪು ಹೊರಿಸುವ ಮೊದಲು ಗಾಡಿ ಎತ್ತಿ ಚಕ್ರಗಳನ್ನು ಕೈಯಲ್ಲೇ ತಿರುಗಿಸಿ ನೋಡಿ. ಆಕ್ಸಲ್‌ಗೆ ಕೂದಲು, ಹುಲ್ಲು ಸುತ್ತಿರಬಹುದು. ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಸ್ಪರ್ ಗೇರು ಬಿಗಿಯಾಗಿ ಕಚ್ಚಿಕೊಂಡಿರಬಹುದು. ಅವುಗಳ ನಡುವೆ ಒಂದು ತೆಳು ಕಾಗದದ ಪಟ್ಟಿ ಇಟ್ಟು ಮೋಟರ್ ಸ್ಕ್ರೂ ಬಿಗಿ ಮಾಡಿ, ಆಮೇಲೆ ಕಾಗದ ತೆಗೆದರೆ ಸರಿಯಾದ ಸಂದು ಸಿಗುತ್ತದೆ. ದೊಡ್ಡ ಟಯರ್ ಹಾಕಿದ್ದರೆ ಪಿನಿಯನ್ ಇನ್ನೂ ಇಳಿಸಬೇಕು. ಟಯರ್ ದೊಡ್ಡದಾದರೆ ಗೇರು ಏರಿಸಿದ ಹಾಗೇ.

ಕೊನೆಗೆ ಓಡಿಸುವ ರೀತಿ. ಚಕ್ರ ಒಂದೆರಡು ಸೆಕೆಂಡಲ್ಲಿ ತಿರುಗದಿದ್ದರೆ ಥ್ರಾಟಲ್ ಬಿಡಿ. ಹಿಂದಕ್ಕೆ ಬಂದು ಬೇರೆ ದಾರಿ ಹಿಡಿಯಿರಿ. ಹೊಸ ಪಿನಿಯನ್ ಹಾಕಿದ ಮೊದಲ ದಿನ ಆಗಾಗ ನಿಲ್ಲಿಸಿ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಡಬ್ಬಿಯನ್ನು ನೋಡಿ. 70 ಡಿಗ್ರಿ ಹತ್ತಿರ ಬಂದರೆ ವಿಶ್ರಾಂತಿ ಕೊಡಿ. ನಿಲ್ಲಿಸಿದ ಮೇಲೂ ಅಂಕಿ ಕೆಲವು ನಿಮಿಷ ಏರುತ್ತದೆ. ಥರ್ಮಾಮೀಟರ್ ಕೆಟ್ಟಿಲ್ಲ. ಒಳಗಿನ ಕಾಯಿಲ್‌ನ ಬಿಸಿ ಈಗಷ್ಟೇ ಹೊರಗೆ ಬರುತ್ತಿರುತ್ತದೆ.