ಅಡಿನಾಯ್ಡ್: ಅದು ದುರ್ಮಾಂಸವಲ್ಲ

"ಮೂಗಿನ ಹಿಂದೆ ದುರ್ಮಾಂಸ ಬೆಳೆದಿದೆಯಂತೆ ಕಣೇ." ಅಕ್ಕ ಫೋನಿನಲ್ಲಿ ಹೀಗೆ ಹೇಳುವಾಗ ಅವಳ ದನಿ ನಡುಗುತ್ತಿತ್ತು. ಮಗನಿಗೆ ಆಗ ಐದು ವರ್ಷ. ಚೀಟಿಯಲ್ಲಿ ವೈದ್ಯರು ಬರೆದಿದ್ದು 'ಅಡಿನಾಯ್ಡ್ ಹೈಪರ್‌ಟ್ರೋಫಿ' ಎಂದು. ಅದು ಮನೆ ತಲುಪುವಷ್ಟರಲ್ಲಿ ದುರ್ಮಾಂಸವಾಗಿತ್ತು. ನಮ್ಮಲ್ಲಿ ಮೂಗಿನ ಒಳಪೊರೆ ಊದಿ ಜೋತುಬೀಳುವ ಪಾಲಿಪ್‌ಗೂ ಇದೇ ಹೆಸರು, ಅಡಿನಾಯ್ಡ್‌ಗೂ ಇದೇ ಹೆಸರು. ಆ 'ದುರ್' ಒಂದೇ ಸಾಕು, ತಾಯಿಯ ನಿದ್ದೆ ಕೆಡಿಸಲು. ಅದಕ್ಕೇ ಈ ಪದವನ್ನು ಬಿಡಿಸಿ ಹೇಳಬೇಕೆನಿಸಿತು.

ಅಡಿನಾಯ್ಡ್ ರೋಗವಲ್ಲ, ಹೊಸದಾಗಿ ಹುಟ್ಟಿಕೊಂಡ ಗಡ್ಡೆಯೂ ಅಲ್ಲ. ಎಲ್ಲ ಮಕ್ಕಳಿಗೂ ಹುಟ್ಟಿನಿಂದಲೇ ಇರುವ ಅಂಗ ಅದು. ಮೂಗಿನ ದಾರಿ ಹಿಂದಕ್ಕೆ ಹೋಗಿ ಗಂಟಲಿಗೆ ಇಳಿಯುತ್ತದಲ್ಲ, ಅಲ್ಲಿ, ಕಿರುನಾಲಗೆಗಿಂತ ಮೇಲೆ ಕೂತಿರುವ ಮೆತ್ತನೆಯ ಗುಪ್ಪೆ. ಮಗುವಿನ ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಟಾನ್ಸಿಲ್ ಕಾಣುತ್ತದೆ, ಇದು ಕಾಣುವುದಿಲ್ಲ. ಆದರೆ ಎರಡೂ ಒಂದೇ ಕುಲದವು, ಗಂಟಲ ಬಾಗಿಲಲ್ಲಿ ಉಂಗುರದಂತೆ ನಿಂತಿರುವ ಕಾವಲಿನ ಭಾಗಗಳು. ಉಸಿರಿನ ಜೊತೆ ಬರುವ ರೋಗಾಣುಗಳ ಗುರುತು ಹಿಡಿಯುವುದು ಅದರ ಕೆಲಸ. ಐದಾರು ವರ್ಷದವರೆಗೆ ಬೆಳೆದು, ಹದಿಹರೆಯದ ಹೊತ್ತಿಗೆ ತಾನೇ ಕುಗ್ಗುತ್ತದೆ. ಹೈಪರ್‌ಟ್ರೋಫಿ ಎಂದರೆ ಹಿಗ್ಗಿ ದೊಡ್ಡದಾಗಿದೆ ಎಂದಷ್ಟೇ ಅರ್ಥ.

ಗ್ರೀಕ್‌ನಲ್ಲಿ 'ಅಡೆನ್' ಎಂದರೆ ಗ್ರಂಥಿ, 'ಐಡೋಸ್' ಎಂದರೆ ರೂಪ. ಗ್ರಂಥಿಯಂತೆ ಕಾಣುವುದು ಅಡಿನಾಯ್ಡ್. ಅದು ಹಿಗ್ಗಿದರೆ ಏನಾಗುತ್ತದೆ ಎಂಬುದನ್ನು ವೈದ್ಯಲೋಕದ ಗಮನಕ್ಕೆ ತಂದವರು ಕೋಪನ್‌ಹೇಗನ್ನಿನ ವಿಲ್ಹೆಲ್ಮ್ ಮೆಯರ್, 1868ರಲ್ಲಿ. ಕಿವಿ ಮಂದವಾಗಿದ್ದ, ಮಾತು ಸ್ಪಷ್ಟವಿಲ್ಲದ ಯುವತಿಯೊಬ್ಬಳ ಬಾಯೊಳಗೆ ಬೆರಳು ಹಾಕಿ, ಅಂಗುಳಿನ ಹಿಂದೆ ಮೇಲಕ್ಕೆ ತಡವಿ ನೋಡಿದಾಗ ಅವರಿಗೆ ಆ ಮೆತ್ತನೆಯ ಗುಪ್ಪೆಗಳು ಸಿಕ್ಕಿದವು. ಕಣ್ಣಿಗೆ ಕಾಣದ್ದನ್ನು ಬೆರಳ ತುದಿಯಲ್ಲಿ ಓದಿದ ಅವರ ಬಗ್ಗೆ ನನಗೆ ತುಂಬ ಗೌರವ.

ಆ ಮಾತಿನ ತೊಡಕನ್ನು ಕನ್ನಡದಲ್ಲೇ ಕೇಳಿಸಿಕೊಳ್ಳಬಹುದು. 'ಮ', 'ನ' ಹೊರಡಲು ಗಾಳಿ ಮೂಗಿನಿಂದ ಹೋಗಬೇಕು. ದಾರಿ ಕಟ್ಟಿದ್ದರೆ 'ಮ' ಹೋಗಿ 'ಬ' ಆಗುತ್ತದೆ, 'ನ' ಹೋಗಿ 'ದ'ಗೆ ಹತ್ತಿರವಾಗುತ್ತದೆ. ನಮ್ಮ ಹುಡುಗ ಅಮ್ಮನನ್ನು 'ಅಬ್ಬ' ಅನ್ನುತ್ತಿದ್ದ. ನೆಗಡಿ ಇರಬೇಕು ಅಂದುಕೊಂಡಿದ್ದೆವು. ರಾತ್ರಿ ಕುತ್ತಿಗೆ ಹಿಂದಕ್ಕೆ ಚಾಚಿ, ಬಾಯಿ ತೆರೆದು ಮಲಗುತ್ತಿದ್ದ, ದಿಂಬು ಜೊಲ್ಲಿನಿಂದ ಒದ್ದೆ. ಗೊರಕೆ ನಡುವೆ ಥಟ್ಟನೆ ನಿಲ್ಲುತ್ತಿತ್ತು, ಎದೆ ಮಾತ್ರ ಒಳಕ್ಕೆ ಸೆಳೆಯುತ್ತಿತ್ತು, ಆಮೇಲೆ ಬೆಚ್ಚಿದವನಂತೆ ಮತ್ತೆ ಉಸಿರು. ಕಿವಿಯದೂ ಒಂದು ತೊಂದರೆಯಿದೆ. ನಡುಗಿವಿಗೆ ಗಾಳಿ ಒಯ್ಯುವ ಸಣ್ಣ ನಾಳ ಅಡಿನಾಯ್ಡ್‌ನ ಪಕ್ಕದಲ್ಲೇ ತೆರೆದುಕೊಳ್ಳುತ್ತದೆ. ಅದಕ್ಕೆ ಅಡ್ಡಿಯಾದರೆ ಕಿವಿಯೊಳಗೆ ಅಂಟಿನಂಥ ದ್ರವ ನಿಂತು ಮಗುವಿಗೆ ಸರಿಯಾಗಿ ಕೇಳಿಸುವುದಿಲ್ಲ. ತರಗತಿಯಲ್ಲಿ ಗಮನ ಕೊಡುವುದಿಲ್ಲ ಎಂದು ಬೈಸಿಕೊಳ್ಳುವ ಮಗುವಿಗೆ ಕೆಲವೊಮ್ಮೆ ಕೇಳಿಸುತ್ತಲೇ ಇರುವುದಿಲ್ಲ.

ಹಾಗಾದರೆ ತೆಗೆಸಿಬಿಡಬೇಕೇ? ಏತಕ್ಕಾಗಿ ಎನ್ನುವುದರ ಮೇಲೆ ಉತ್ತರವಿದೆ. ಪದೇ ಪದೇ ನೆಗಡಿ ಆಗುತ್ತದೆ, ತೆಗೆಸಿದರೆ ನಿಲ್ಲುತ್ತದೆ ಎಂಬ ಆಸೆ ಬಹಳ ಮನೆಗಳಲ್ಲಿದೆ. ನೆದರ್ಲೆಂಡ್ಸ್‌ನ ವೈದ್ಯರು ಅದನ್ನೇ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದರಿಂದ ಆರು ವರ್ಷದ 111 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ತಕ್ಷಣ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಕಾದು ನೋಡುವುದು. ಒಂದು ಮಗುವಿಗೆ ವರ್ಷಕ್ಕೆ ಸರಾಸರಿ 7.91 ಸಲ ನೆಗಡಿಯಂಥ ಸೋಂಕು ಮೊದಲ ಗುಂಪಿನಲ್ಲಿ, 7.84 ಸಲ ಎರಡನೆಯದರಲ್ಲಿ. ಬರೀ ನೆಗಡಿಗಾಗಿ ಮಗುವನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸಬಾರದು ಎಂದು ನಾನು ಗಟ್ಟಿಯಾಗಿ ಹೇಳುವುದು ಈ ಅಂಕಿಗಳ ಬಲದಿಂದ.

ನಿದ್ದೆಯಲ್ಲಿ ಉಸಿರು ಕಟ್ಟುವ ಮಕ್ಕಳ ಮಾತು ಬೇರೆ. ಅಮೆರಿಕದಲ್ಲಿ ಐದರಿಂದ ಒಂಬತ್ತು ವರ್ಷದ 464 ಮಕ್ಕಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಡಿನಾಯ್ಡ್, ಟಾನ್ಸಿಲ್ ಎರಡನ್ನೂ ತೆಗೆಸಿಕೊಂಡವರಲ್ಲಿ ಶೇ. 79ರಷ್ಟು ಮಕ್ಕಳಿಗೆ, ನಿದ್ದೆಯಲ್ಲಿ ಉಸಿರಾಟವನ್ನು ಅಳೆಯುವ ಪರೀಕ್ಷೆಯ ಫಲಿತಾಂಶ ಏಳು ತಿಂಗಳಲ್ಲಿ ಸರಿಹೋಗಿತ್ತು. ಕಾದವರಲ್ಲೂ ಶೇ. 46ರಷ್ಟು ಮಕ್ಕಳಿಗೆ ಸರಿಹೋಯಿತು. ಗಮನಶಕ್ತಿಯ ಪರೀಕ್ಷೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಆದರೆ ನಡವಳಿಕೆ, ದಿನನಿತ್ಯದ ನೆಮ್ಮದಿ ಎರಡೂ ಆಪರೇಷನ್ ಆದವರಲ್ಲಿ ಹೆಚ್ಚು ಸುಧಾರಿಸಿದ್ದವು. ತೊಂದರೆ ಅಷ್ಟು ತೀವ್ರವಿಲ್ಲದಿದ್ದರೆ ಮೊದಲು ಮೂಗಿಗೆ ಸ್ಟಿರಾಯ್ಡ್ ಸ್ಪ್ರೇ ಕೊಟ್ಟು ಕೆಲವು ವಾರ ನೋಡುವುದೂ ಉಂಟು.

ಆಪರೇಷನ್ ನಡೆಯುವುದು ಪೂರ್ಣ ಅರಿವಳಿಕೆಯಲ್ಲಿ, ಬಾಯಿಯ ಮೂಲಕ. ಹೊರಗೆ ಗಾಯವಿಲ್ಲ, ಸಾಮಾನ್ಯವಾಗಿ ಹೊಲಿಗೆಯೂ ಇಲ್ಲ. ಕೆರೆದು ತೆಗೆಯುತ್ತಾರೆ, ಇಲ್ಲವೆ ಕೊಬ್ಲೇಷನ್‌ನಂಥ ಸಲಕರಣೆಯಿಂದ ಕರಗಿಸುತ್ತಾರೆ. ತೀರಾ ಚಿಕ್ಕ ಮಕ್ಕಳಲ್ಲಿ ಮತ್ತೆ ಬೆಳೆಯಬಹುದು. ಅಪರೂಪಕ್ಕೆ ರಕ್ತಸ್ರಾವವಾಗುತ್ತದೆ. ಕಿರುನಾಲಗೆ ಎರಡಾಗಿ ಸೀಳಿದ್ದರೆ ಮುಂಚೆಯೇ ಎಚ್ಚರ ಬೇಕು, ಅಂಗುಳಿನಲ್ಲೂ ಒಳಗೆ ಸೀಳಿರಬಹುದು. ಅಂಥ ಮಗುವಿಗೆ ಅಡಿನಾಯ್ಡ್ ತೆಗೆದರೆ ಗಾಳಿ ಮೂಗಿನಿಂದ ಸೋರಿ, ಈ ಸಲ 'ಬ' ಹೋಗಿ 'ಮ' ಆಗುವ ಅಪಾಯವಿದೆ.

ವೈದ್ಯರ ಬಳಿ ಹೋಗುವಾಗ ಎಕ್ಸ್‌ರೇ ಜೊತೆಗೆ ಇನ್ನೊಂದನ್ನೂ ಒಯ್ಯಿರಿ: ಮಗು ಗಾಢ ನಿದ್ದೆಯಲ್ಲಿರುವಾಗ ಮೊಬೈಲಿನಲ್ಲಿ ತೆಗೆದ ಎರಡು ಮೂರು ನಿಮಿಷದ ವಿಡಿಯೊ. ಎದೆ ಕಾಣುವಂತೆ ಹೊದಿಕೆ ಸರಿಸಿರಿ, ಫ್ಯಾನು ಆರಿಸಿರಿ, ಉಸಿರು ಕೇಳಿಸಲಿ.