ಸೆಕೆಂಡ್ ಹ್ಯಾಂಡ್ ಕಾರಿನ ಮೀಟರನ್ನು ದಿನಾಂಕದ ಜೊತೆ ಓದಿ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುನ್ನ ಒಮ್ಮೆ ನೋಡಿಕೊಡಿ ಎಂದು ನನ್ನ ಬಳಿ ಬರುವವರಲ್ಲಿ ಬಹುಪಾಲು ಮಂದಿ ಈಗ ಸಾಕಷ್ಟು ತಿಳಿದುಕೊಂಡೇ ಬರುತ್ತಾರೆ. ಆರ್‌ಸಿ ನೋಡಿರುತ್ತಾರೆ, ಸಾಲ ತೀರಿದೆಯೇ ಎಂದು ವಿಚಾರಿಸಿರುತ್ತಾರೆ, ಸರ್ವಿಸ್ ರೆಕಾರ್ಡಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡಿರುತ್ತಾರೆ. ಮೀಟರ್ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಲಾಸ್ಟ್ ಸರ್ವಿಸ್‌ನಲ್ಲಿ ಐವತ್ತೆರಡು ಸಾವಿರ ಇತ್ತು ಸರ್, ಈಗ ಅರವತ್ತೊಂದು ಇದೆ. ಕಮ್ಮಿ ಆಗಿಲ್ಲವಲ್ಲ, ಅಂದ್ಮೇಲೆ ಮೀಟರ್ ಮುಟ್ಟಿಲ್ಲ.’ ಈ ತೀರ್ಮಾನ ತಪ್ಪು. ಎಷ್ಟು ಹೇಳಿದರೂ ಜನ ಮತ್ತೆ ಮತ್ತೆ ಇದೇ ನಂಬಿಕೆಯ ಮೇಲೆ ಹಣ ಕಟ್ಟುವುದನ್ನು ನೋಡಿ ಬೇಸತ್ತು, ಈ ಸಲದ ಅಂಕಣವನ್ನು ಇದೊಂದಕ್ಕೇ ಮೀಸಲಿಡುತ್ತಿದ್ದೇನೆ.

ಮೀಟರ್ ತಿದ್ದಿಸುವವನು ಆ ಸರ್ವಿಸ್ ರೆಕಾರ್ಡನ್ನು ನಿಮಗಿಂತ ಮೊದಲೇ ನೋಡಿರುತ್ತಾನೆ. ಕೊನೆಯ ದಾಖಲೆಗಿಂತ ಕಡಿಮೆ ಅಂಕಿ ಇಟ್ಟರೆ ಯಾರಾದರೂ ಹಿಡಿಯುತ್ತಾರೆಂದು ಅವನಿಗೆ ಗೊತ್ತು. ಆದ್ದರಿಂದ ದಾಖಲೆಗಿಂತ ಒಂದಿಷ್ಟು ಹೆಚ್ಚಿಗೆ, ಆದರೆ ನಿಜವಾಗಿ ಓಡಿದ್ದಕ್ಕಿಂತ ಎಷ್ಟೋ ಕಡಿಮೆಗೆ ನಿಲ್ಲಿಸುತ್ತಾನೆ. ಡಿಜಿಟಲ್ ಮೀಟರನ್ನು ತಿದ್ದಲಾಗದು ಎಂಬ ನಂಬಿಕೆ ಇನ್ನೂ ಉಳಿದಿರುವುದು ಆಶ್ಚರ್ಯ. ಓಡಿದ ದೂರ ಮೀಟರ್ ಕನ್ಸೋಲಿನೊಳಗಿನ ಒಂದು ಸಣ್ಣ ಮೆಮೊರಿ ಚಿಪ್‌ನಲ್ಲಿ ಸಂಖ್ಯೆಯಾಗಿ ಕುಳಿತಿರುತ್ತದೆ. ಸಂಖ್ಯೆಯನ್ನು ಅಲ್ಲಿ ಬರೆಯಲು ಬರುವುದಾದರೆ ತಿದ್ದಿ ಬರೆಯಲೂ ಬರುತ್ತದೆ. ಕೆಲವು ಗಾಡಿಗಳಲ್ಲಿ ಕನ್ಸೋಲ್ ಬಿಚ್ಚಬೇಕಾಗುತ್ತದೆ, ಕೆಲವದರಲ್ಲಿ ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ, ಅಂದರೆ ಮೆಕ್ಯಾನಿಕ್‌ಗಳು ದೋಷ ಪತ್ತೆಗೆ ಬಳಸುವ ಕಿಂಡಿಗೆ, ಸಾಧನ ಸಿಕ್ಕಿಸಿದರೆ ಸಾಕು. ಹೊರಗೆ ಒಂದು ಗೀರೂ ಕಾಣುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಏನನ್ನು? ಗಾಡಿ ತಿಂಗಳಿಗೆ ಸರಾಸರಿ ಎಷ್ಟು ಓಡಿದೆ ಎಂಬುದನ್ನು. ಮೀಟರಿನ ಅಂಕಿಗೆ ಒಂಟಿಯಾಗಿ ಯಾವ ಅರ್ಥವೂ ಇಲ್ಲ. ಅದರ ಪಕ್ಕದಲ್ಲಿ ಒಂದು ದಿನಾಂಕ ಇರಬೇಕು, ಅಂಥ ದಿನಾಂಕಗಳು ನಾಲ್ಕಾರಾದರೂ ಇರಬೇಕು, ಆಗ ಮಾತ್ರ ಗಾಡಿಯ ಓಟದ ರೀತಿ ತಿಳಿಯುತ್ತದೆ. ಒಂದು ಲೆಕ್ಕವನ್ನು ಪೂರ್ತಿ ಮಾಡಿಯೇ ತೋರಿಸುತ್ತೇನೆ, ದಯವಿಟ್ಟು ಅವಸರಪಡದೆ ಓದಿ. 2018ರ ಜೂನ್‌ನಲ್ಲಿ ನೋಂದಣಿಯಾದ ಒಂದು ಕಾರು. 2019ರ ಜುಲೈನ ಸರ್ವಿಸ್‌ನಲ್ಲಿ 16,800, 2020ರ ನವೆಂಬರ್‌ನಲ್ಲಿ 34,500, 2021ರ ಡಿಸೆಂಬರ್‌ನಲ್ಲಿ 52,300 ಕಿಲೋಮೀಟರ್. ಅಲ್ಲಿಂದ ಮುಂದೆ ದಾಖಲೆ ಇಲ್ಲ, ‘ಹೊರಗಡೆ ಪರಿಚಯದ ಮೆಕ್ಯಾನಿಕ್ ಹತ್ರ ಮಾಡಿಸ್ತಿದ್ವಿ’ ಎನ್ನುತ್ತಾರೆ. 2025ರ ಜೂನ್‌ನಲ್ಲಿ ಮಾರಾಟಕ್ಕೆ ನಿಂತಾಗ ಮೀಟರಿನಲ್ಲಿ 61,200. ಅಂಕಿ ಎಲ್ಲಿಯೂ ಇಳಿದಿಲ್ಲ, ನಿಜ. ಈಗ ತಿಂಗಳುಗಳನ್ನು ಎಣಿಸಿ. ಮೊದಲ 42 ತಿಂಗಳಲ್ಲಿ ಓಡಿದ್ದು 52,300, ಅಂದರೆ ತಿಂಗಳಿಗೆ ಹೆಚ್ಚೂಕಡಿಮೆ 1,250. ನಂತರದ 42 ತಿಂಗಳಲ್ಲಿ ಓಡಿದ್ದು 8,900, ಅಂದರೆ ತಿಂಗಳಿಗೆ 212. ಲಾಕ್‌ಡೌನ್ ಇದ್ದ 2020ರಲ್ಲಿಯೂ ತಿಂಗಳಿಗೆ ಸಾವಿರ ದಾಟಿ ಓಡಿದ ಗಾಡಿ, ಊರೆಲ್ಲ ಮತ್ತೆ ರಸ್ತೆಗಿಳಿದ ಮೇಲೆ ಮನೆ ಮುಂದೆ ನಿಂತಿತ್ತೆಂದು ನಂಬಬೇಕಾಗುತ್ತದೆ. ಹಳೆಯ ಸರಾಸರಿಯಲ್ಲೇ ಓಡಿದ್ದರೆ ಅದು ಒಂದು ಲಕ್ಷ ದಾಟಿರಬೇಕಿತ್ತು.

ಇದರಿಂದ ಮೀಟರ್ ತಿದ್ದಿದ್ದಾರೆಂದು ಸಾಬೀತಾಯಿತೇ ಎಂದರೆ, ಇಲ್ಲ. ಮಾಲೀಕರು ವಿದೇಶಕ್ಕೆ ಹೋಗಿರಬಹುದು, ಮನೆಗೆ ಎರಡನೆಯ ಕಾರು ಬಂದಿರಬಹುದು, ಆಫೀಸಿಗೆ ಮೆಟ್ರೊ ಹಿಡಿದಿರಬಹುದು, ವರ್ಕ್ ಫ್ರಮ್ ಹೋಮ್ ಆಗಿರಬಹುದು. ಇವೆಲ್ಲ ಬೆಂಗಳೂರಿನಲ್ಲಿ ದಿನವೂ ನಡೆಯುವ ಸಂಗತಿಗಳು, ಮಾರುವವರನ್ನೆಲ್ಲ ಕಳ್ಳರೆಂದು ನೋಡಲು ನಾನು ಹೇಳುವುದಿಲ್ಲ. ಓಟದ ಸರಾಸರಿ ಒಮ್ಮೆಲೇ ಕುಸಿದಾಗ ಅದಕ್ಕೆ ಕಾರಣ ಕೇಳಬೇಕು, ಕೊಟ್ಟ ಕಾರಣಕ್ಕೆ ಬೇರೊಂದು ಕಾಗದದ ಆಧಾರ ಇದೆಯೇ ಎಂದು ಪರಿಶೀಲಿಸಬೇಕು, ಇಷ್ಟೇ ನನ್ನ ಆಗ್ರಹ. ದಾಖಲೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಗಮನಿಸಿ. ವಾರಂಟಿ ಮುಗಿದ ಮೇಲೆ ಕಂಪನಿ ಸರ್ವಿಸ್ ಸೆಂಟರ್ ಬಿಡುವುದು ಸಾಮಾನ್ಯ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ದಾಖಲೆಯಿಲ್ಲದ ಆ ವರ್ಷಗಳೇ ಮೀಟರ್ ತಿದ್ದುವವನಿಗೆ ಅನುಕೂಲದ ಜಾಗ, ಆದ್ದರಿಂದ ನಿಮ್ಮ ಹುಡುಕಾಟ ಅಲ್ಲೇ ನಡೆಯಬೇಕು.

ಆ ಅವಧಿಯನ್ನು ತುಂಬುವ ಕಾಗದಗಳು ನಾವಂದುಕೊಂಡಿದ್ದಕ್ಕಿಂತ ಹೆಚ್ಚೇ ಇರುತ್ತವೆ. ವಿಮೆ ಕ್ಲೇಮ್ ಆಗಿದ್ದರೆ ರಿಪೇರಿ ಬಿಲ್ಲಿನಲ್ಲಿ ಮೀಟರಿನ ಅಂಕಿ ಬರೆದಿರುತ್ತಾರೆ. ವಿಮೆ ಮಧ್ಯದಲ್ಲಿ ತಪ್ಪಿಹೋಗಿ ಮತ್ತೆ ಮಾಡಿಸಿದ್ದರೆ, ತಪಾಸಣೆಗೆ ಬಂದವರು ಸಾಮಾನ್ಯವಾಗಿ ಮೀಟರಿನ ಫೋಟೊ ತೆಗೆದುಕೊಂಡಿರುತ್ತಾರೆ. ವೀಲ್ ಅಲೈನ್‌ಮೆಂಟ್ ಚೀಟಿ, ಟೈರ್ ಅಂಗಡಿಯ ಬಿಲ್ಲು, ಬ್ಯಾಟರಿಯ ವಾರಂಟಿ ಕಾರ್ಡು, ಇವುಗಳಲ್ಲಿ ದಿನಾಂಕವಂತೂ ಇರುತ್ತದೆ, ಎಷ್ಟೋ ಸಲ ಕಿಲೋಮೀಟರೂ ಇರುತ್ತದೆ. ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯವಾದ ಕಾರಣ, ಗಾಡಿ ಊರಾಚೆ ಹೋದದ್ದರ ಲೆಕ್ಕ ಅದರ ಸ್ಟೇಟ್‌ಮೆಂಟಿನಲ್ಲಿ ಸಿಗುತ್ತದೆ. ‘ಬರೀ ದೇವಸ್ಥಾನಕ್ಕೆ, ತರಕಾರಿಗೆ ಓಡಿಸಿದ್ದು’ ಎನ್ನುವ ಕಾರು ವಾರವಾರವೂ ನೆಲಮಂಗಲದ ಟೋಲ್ ದಾಟಿದ್ದರೆ ಉಳಿದ ಮಾತನ್ನೂ ಅನುಮಾನದಿಂದಲೇ ಕೇಳಬೇಕಾಗುತ್ತದೆ. ಹೆಚ್ಚಿನವರಿಗೆ ಹೊಳೆಯದ ಇನ್ನೊಂದು ಆಧಾರ ಬೆಂಗಳೂರು ಸಂಚಾರ ಪೊಲೀಸರ ದಂಡದ ಪಟ್ಟಿ. ಗಾಡಿ ನಂಬರ್ ಹಾಕಿದರೆ ಬಾಕಿ ಇರುವ ಪ್ರಕರಣಗಳು ದಿನಾಂಕ, ಸ್ಥಳ ಸಹಿತ ಬರುತ್ತವೆ. ಎಲ್ಲರೂ ಅದನ್ನು ಎಷ್ಟು ಹಣ ಕಟ್ಟಬೇಕೆಂದು ತಿಳಿಯಲು ನೋಡುತ್ತಾರೆ. ಮನೆಯಲ್ಲೇ ನಿಂತಿತ್ತೆಂದು ಹೇಳಲಾದ ಗಾಡಿ ವಿಮಾನ ನಿಲ್ದಾಣದ ದಾರಿಯಲ್ಲಿರುವ ಹೆಬ್ಬಾಳದಲ್ಲಿ ಬೆಳಗಿನ ಜಾವ ಐದು ಗಂಟೆಗೆ, ಮತ್ತೆ ರಾತ್ರಿ ಹನ್ನೊಂದಕ್ಕೆ ಕ್ಯಾಮೆರಾಗೆ ಸಿಕ್ಕಿದ್ದರೆ ಅದು ವಿಮಾನ ನಿಲ್ದಾಣದ ಬಾಡಿಗೆ ಓಡಾಟವೇ ಎಂದೂ ಅಲ್ಲಿ ನೋಡಬೇಕು.

ಬಾಡಿಗೆಗೆ ಓಡಿದ ಗಾಡಿಯ ಲೆಕ್ಕವೇ ಬೇರೆ. ದಿನಕ್ಕೆ 150 ಕಿಲೋಮೀಟರಿನಂತೆ ವರ್ಷಕ್ಕೆ ಮುನ್ನೂರು ದಿನ ಓಡಿದರೂ 45,000 ಆಯಿತು. ಹಳದಿ ಬೋರ್ಡಿನಿಂದ ವೈಟ್ ಬೋರ್ಡಿಗೆ ಬದಲಾಯಿಸಿದ ಗಾಡಿಯೇ ಎಂಬುದನ್ನು ಆರ್‌ಟಿಓದಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಿ. ಬದಲಾಯಿಸುವುದು ಕಾನೂನುಬದ್ಧ, ಮುಚ್ಚಿಡುವುದು ಮೋಸ.

ಇನ್ನು ಸವೆತದ ವಿಷಯ. ಪೆಡಲ್ ರಬ್ಬರ್, ಸ್ಟಿಯರಿಂಗ್, ಗೇರ್ ನಾಬ್, ಡ್ರೈವರ್ ಸೀಟಿನ ಅಂಚು ನೋಡಿ ಕಿಲೋಮೀಟರ್ ಹೇಳಿಬಿಡಬಹುದು ಎಂದು ಎಲ್ಲರೂ ಬರೆಯುತ್ತಾರೆ. ನಮ್ಮ ಊರಿನ ಮಟ್ಟಿಗೆ ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಗಂಟೆಗೆ 20 ಕಿಲೋಮೀಟರ್ ಸರಾಸರಿಯಲ್ಲಿ ಸಿಲ್ಕ್ ಬೋರ್ಡು, ಮಾರತ್‌ಹಳ್ಳಿ ಎಂದು ತೆವಳಿದ ಕಾರು 40,000 ಕಿಲೋಮೀಟರ್ ಮುಗಿಸಲು 2,000 ಗಂಟೆ ಎಂಜಿನ್ ಚಾಲೂ ಇಟ್ಟಿರುತ್ತದೆ. ಅದೇ ದೂರವನ್ನು ಹೈವೇಯಲ್ಲಿ 60ರ ಸರಾಸರಿಯಲ್ಲಿ ಓಡಿದ ಹುಬ್ಬಳ್ಳಿಯ ಕಾರಿಗೆ ಬೇಕಾದದ್ದು 670 ಗಂಟೆಗಿಂತ ಕಡಿಮೆ. ಕ್ಲಚ್ ಪೆಡಲ್ ಮೇಲಿನ ಕಾಲು ಗಂಟೆಗಳ ಲೆಕ್ಕದಲ್ಲಿ ಸವೆಸುತ್ತದೆಯೇ ಹೊರತು ಕಿಲೋಮೀಟರಿನ ಲೆಕ್ಕದಲ್ಲಲ್ಲ. ಹೀಗಾಗಿ ಬೆಂಗಳೂರಿನ ಪ್ರಾಮಾಣಿಕ ಗಾಡಿಯಲ್ಲೂ ಒಳಗಿನ ಸವೆತ ಮೀಟರಿಗಿಂತ ಮುಂದಿರಬಹುದು, ಅದೊಂದನ್ನೇ ಹಿಡಿದು ಮಾರುವವರನ್ನು ಅವಮಾನಿಸಬೇಡಿ. ನನಗೆ ಹೆಚ್ಚು ಅನುಮಾನ ತರುವುದು ಇದರ ವಿರುದ್ಧದ ಸ್ಥಿತಿ. ಏಳು ವರ್ಷದ ಕಾರಿನಲ್ಲಿ ಪೆಡಲ್ ರಬ್ಬರ್ ಮೂರೂ ಹೊಚ್ಚ ಹೊಸವು, ಸ್ಟಿಯರಿಂಗ್‌ಗೆ ಹೊಸ ಕವರ್, ಸೀಟಿಗೆ ಹೊಸ ಹೊದಿಕೆ, ಬೇರೆಲ್ಲ ಹಳೆಯದು. ಇವೆಲ್ಲ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನದಲ್ಲಿ ಆಗುವ ಕೆಲಸ. ಕವರನ್ನು ಸ್ವಲ್ಪ ಸರಿಸಿ ಕೆಳಗಿನ ಚರ್ಮ ನೋಡಲು ಕೇಳಿ, ಬೇಡ ಎನ್ನಲು ಒಳ್ಳೆಯ ಕಾರಣ ಯಾವುದೂ ಇರುವುದಿಲ್ಲ.

ಟೈರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪಕ್ಕದ ಗೋಡೆಯ ಮೇಲೆ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 1418 ಎಂದರೆ 2018ರ 14ನೆಯ ವಾರ. ಸ್ಟೆಪ್ನಿಯ ದಿನಾಂಕ ನೋಡಿ, ಮಿಕ್ಕ ನಾಲ್ಕರ ಜೊತೆ ಹೋಲಿಸಿ. ಮೀಟರಿನಲ್ಲಿ 28,000 ಇದ್ದು ನಾಲ್ಕೂ ಟೈರ್ ಬದಲಾಗಿದ್ದರೆ ಕಾರಣ ಕೇಳಬೇಕು. ಐದಾರು ವರ್ಷಕ್ಕೆ ರಬ್ಬರ್ ಗಟ್ಟಿಯಾಗಿ ಬದಲಿಸುವುದೂ ಉಂಟು, ಆದ್ದರಿಂದ ಬದಲಿಸಿದ ವರ್ಷ ಮುಖ್ಯ.

ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿ ನೋಡಿ ಎಂದು ಕೇಳುವವರಿದ್ದಾರೆ. ಹಾಕುತ್ತೇನೆ, ಹಾಕಲೇಬೇಕು. ಕೆಲವು ಗಾಡಿಗಳಲ್ಲಿ ಓಡಿದ ದೂರ ಎಂಜಿನ್ ಕಂಪ್ಯೂಟರಿನಲ್ಲೋ ಬ್ರೇಕ್ ನಿಯಂತ್ರಿಸುವ ಎಬಿಎಸ್ ಘಟಕದಲ್ಲೋ ಇನ್ನೊಂದು ಕಡೆ ದಾಖಲಾಗಿರುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಮಾತು ಮುಗಿಯಿತು. ಆದರೆ ಎಲ್ಲ ಮಾದರಿಗಳಲ್ಲೂ ಹೀಗಿಲ್ಲ, ಇದ್ದಲ್ಲಿಯೂ ಎರಡನ್ನೂ ತಿದ್ದಿರಬಹುದು. ಸ್ಕ್ಯಾನರಿನಲ್ಲಿ ಏನೂ ಸಿಗಲಿಲ್ಲ ಎಂಬುದನ್ನು ಗಾಡಿ ಶುದ್ಧ ಎಂಬ ಸರ್ಟಿಫಿಕೇಟಾಗಿ ಭಾವಿಸಬೇಡಿ. ಮೀಟರ್ ಕನ್ಸೋಲ್ ನ್ಯಾಯವಾಗಿಯೇ ಬದಲಾಗಿರುವ ಗಾಡಿಗಳೂ ಇವೆ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ನೀರಲ್ಲಿ ಮುಳುಗಿದ್ದು ನಿಮಗೆ ನೆನಪಿರಬಹುದು. ಹೀಗೆ ಕನ್ಸೋಲ್ ಬದಲಿಸಿದ್ದರೆ ಹಳೆಯ ಅಂಕಿ ನಮೂದಿಸಿದ ಬಿಲ್ಲನ್ನು ಕೇಳಿ. ಮುಳುಗಿದ ಗಾಡಿ ಕೊಳ್ಳಬೇಕೇ ಬೇಡವೇ ಎಂಬುದು ಬೇರೆಯೇ ಪ್ರಶ್ನೆ.

ನಾಗರಬಾವಿಯ ನಿವೃತ್ತ ಶಿಕ್ಷಕಿಯೊಬ್ಬರು, ಯಜಮಾನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬೇಕೆಂದು ಡೀಸೆಲ್ ಕಾರೊಂದನ್ನು ನೋಡಿ, 25,000 ಮುಂಗಡ ಕೊಟ್ಟ ಮೇಲೆ ನನ್ನನ್ನು ಕರೆದಿದ್ದರು. ಮೀಟರಿನಲ್ಲಿ 58,000 ಚಿಲ್ಲರೆ. ಸರ್ವಿಸ್ ರೆಕಾರ್ಡಿಗೆ ಹೋಲಿಸಿದರೆ ಇಳಿಕೆ ಇರಲಿಲ್ಲ, ಆದರೆ ಸರಾಸರಿ ಅರ್ಧಕ್ಕರ್ಧ ಬಿದ್ದಿತ್ತು. ಗ್ಲೋವ್ ಬಾಕ್ಸಿನಲ್ಲಿದ್ದ ಓನರ್ಸ್ ಮ್ಯಾನ್ಯುಯಲನ್ನು ಹಾಳೆ ಹಾಳೆಯಾಗಿ ತಿರುವಿದಾಗ ಹಿರಿಯೂರಿನ ಒಂದು ಅಲೈನ್‌ಮೆಂಟ್ ಅಂಗಡಿಯ ಹಳದಿ ಚೀಟಿ ಸಿಕ್ಕಿತು. ಗಾಡಿ ನಂಬರ್ ಅದೇ, ಎರಡು ವರ್ಷ ಹಿಂದಿನ ದಿನಾಂಕ, ಬಾಲ್‌ಪೆನ್ನಿನಲ್ಲಿ ಬರೆದ 94,310. ಮಾರುವವರು ಚೀಟಿ ನೋಡಿದವರೇ ಬೆಲೆಯಲ್ಲಿ ಅರವತ್ತು ಸಾವಿರ ರೂಪಾಯಿ ಇಳಿಸಲು ಮುಂದೆ ಬಂದರು. ‘ಇಷ್ಟು ಕಮ್ಮಿ ಮಾಡ್ತಾರಂತೆ, ತಗೊಳ್ಳಲಾ ಸರ್?’ ಎಂದು ಆಕೆ ಕೇಳಿದರು; ಮುಂಗಡ ವಾಪಸ್ ಕೇಳಲು ಆಕೆಗೆ ಸಂಕೋಚವಾಗುತ್ತಿತ್ತು. ನಾನು ಬೇಡವೆಂದೆ. 94,000 ಓಡಿದ ಡೀಸೆಲ್ ಗಾಡಿ ಕೆಟ್ಟದ್ದೆಂದಲ್ಲ, ಚೆನ್ನಾಗಿ ನೋಡಿಕೊಂಡಿದ್ದರೆ ಇನ್ನೂ ಎಷ್ಟೋ ಓಡುತ್ತದೆ. ಆದರೆ ಈಗ ಅದು ನಿಜಕ್ಕೂ ಎಷ್ಟು ಓಡಿದೆ ಎಂದು ಯಾರೂ ಹೇಳಲಾರರು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ನಲ್ಲಿ ಕಂಪನಿ ಹೇಳಿದ ಕಿಲೋಮೀಟರಿಗೆ ಬೆಲ್ಟ್ ಬದಲಿಸದೆ ಅದು ತುಂಡಾದರೆ ಎಂಜಿನ್ನೇ ಹೋಗಬಹುದು. ಸುಳ್ಳು ಮೀಟರನ್ನು ನಂಬಿ ಯಾವಾಗ ಬದಲಿಸುತ್ತೀರಿ? ನಷ್ಟ ಬೆಲೆಯಲ್ಲಿ ಮಾತ್ರ ಇದ್ದಿದ್ದರೆ ಚೌಕಾಸಿ ಮಾಡಿ ಸರಿದೂಗಿಸಬಹುದಿತ್ತು. ಮುಂಗಡ ಕೊನೆಗೆ ವಾಪಸ್ ಬಂತು, ಅವರ ಅಳಿಯ ಬಂದು ಕೂತು ಕೇಳಬೇಕಾಯಿತು.

ಬೆಲ್ಜಿಯಂನಲ್ಲಿ 2006ರಿಂದ ಕಾರ್-ಪಾಸ್ ಎಂಬ ಪದ್ಧತಿ ಇದೆ. ಗ್ಯಾರೇಜಿಗೆ ಗಾಡಿ ಬಂದಾಗಲೆಲ್ಲ ಮೀಟರಿನ ಅಂಕಿ ದಾಖಲಾಗುತ್ತದೆ, ಮಾರುವವನು ಆ ಪಟ್ಟಿಯನ್ನು ಕೊಳ್ಳುವವನಿಗೆ ಕೊಡಲೇಬೇಕು. ಅಂಥ ಪಟ್ಟಿ ನಮ್ಮಲ್ಲಿ ಕೊಳ್ಳುವವರ ಕೈಗೆ ಸಿಗುವುದಿಲ್ಲವಾದ್ದರಿಂದ ನೀವೇ ಒಂದು ಹಾಳೆಯಲ್ಲಿ ದಿನಾಂಕ, ಅಂಕಿ ಎಂದು ಎರಡು ಸಾಲು ಎಳೆದು ಬರೆದುಕೊಳ್ಳಬೇಕು. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರಿನಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ವಾಹನಗಳ ಡೀಲರ್‌ಗಳು ಅಧಿಕಾರ ಪತ್ರ ಪಡೆದು ನೋಂದಾಯಿತರಾಗಿರಬೇಕು, ತಮ್ಮ ವಶದಲ್ಲಿರುವ ಗಾಡಿ ಯಾವ ಕೆಲಸಕ್ಕೆ, ಎಷ್ಟು ದೂರ ಹೋಯಿತೆಂಬ ಎಲೆಕ್ಟ್ರಾನಿಕ್ ರಿಜಿಸ್ಟರ್ ಇಡಬೇಕು. ಡೀಲರ್ ಬಳಿ ಕೊಳ್ಳುವವರು ಆ ಅಧಿಕಾರ ಪತ್ರ ಕೇಳಿ, ಗಾಡಿ ಅವರ ಕೈಗೆ ಬಂದ ದಿನ ಮೀಟರ್ ಎಷ್ಟಿತ್ತೆಂದೂ ಕೇಳಿ.

ವ್ಯಾಪಾರ ಕುದುರಿದ ದಿನ ಡೆಲಿವರಿ ನೋಟಿನಲ್ಲಿ ದಿನಾಂಕ, ಸಮಯದ ಜೊತೆ ಮೀಟರಿನ ಅಂಕಿಯನ್ನೂ, ಅದು ತಮ್ಮ ತಿಳಿವಳಿಕೆಯಂತೆ ನಿಜವಾದದ್ದು ಎಂಬ ಒಂದು ಸಾಲನ್ನೂ ಬರೆಸಿ ಸಹಿ ಪಡೆಯಿರಿ. ಡೀಲರ್ ಮೋಸ ಮಾಡಿದ್ದು ಆಮೇಲೆ ಗೊತ್ತಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಅಲ್ಲಿ ಈ ಸಾಲು ನಿಮ್ಮ ಕೈ ಹಿಡಿಯುತ್ತದೆ. ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ ದಾರಿ ಬೇರೆ, ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಇಬ್ಬರಲ್ಲಿ ಯಾರೇ ಆಗಲಿ, ಬೆಲೆ ಹೇಳುವಾಗ ‘ಬರೀ ಅರವತ್ತು ಸಾವಿರ ಓಡಿದೆ’ ಎಂದವರು ಅದನ್ನೇ ಬರೆದುಕೊಡಲು ಹಿಂಜರಿದರೆ, ಮುಂಗಡ ಕೊಡದೆ ಎದ್ದು ಬನ್ನಿ.